ಸೇವ್ ಮಾಡದ ಫಾರ್ಮ್ ಬಿಟ್ಟು ಹೊರಟವರನ್ನು ಲಿಂಕ್ ಒತ್ತಿದಲ್ಲೇ ತಡೆದು ಕೇಳುವ ಕ್ರಮ: ಸಮಗ್ರ ಮಾರ್ಗದರ್ಶಿ

ಶಿರಸಿ ಸೀಮೆಯ ಒಂದು ಸಹಕಾರಿ ಸಂಘಕ್ಕೆ ಅಡಿಕೆ ಬೆಳೆಹಾನಿಯ ವಿವರ ದಾಖಲಿಸುವ ವೆಬ್ ಫಾರ್ಮ್ ಒಂದನ್ನು ನಾನು ಬರೆದುಕೊಟ್ಟಿದ್ದೆ. ಕೊಳೆ ರೋಗ ಜೋರಾಗಿದ್ದ ಮಳೆಗಾಲದಲ್ಲಿ ಸದಸ್ಯರು ಪಹಣಿ ಹಿಡಿದುಕೊಂಡು ಒಬ್ಬೊಬ್ಬರಾಗಿ ಬಂದು ಕುಳಿತುಕೊಳ್ಳುತ್ತಿದ್ದರು. ಗುಮಾಸ್ತರು ಸರ್ವೆ ನಂಬರ್, ಹಿಸ್ಸಾ, ಎಕರೆ-ಗುಂಟೆ-ಆಣೆ, ಮರಗಳ ಸಂಖ್ಯೆ, ಮದ್ದು ಹೊಡೆದ ದಿನಾಂಕ, ಅಂದಾಜು ನಷ್ಟ ಎಂದು ಒಂದೊಂದೇ ಕಾಲಂ ತುಂಬುತ್ತಿದ್ದರು. ಫಾರ್ಮಿನ ಮೇಲ್ಭಾಗದಲ್ಲಿ ‘ಹಿಸ್ಸಾ ನಂಬರ್ ಎಲ್ಲಿ ನೋಡಬೇಕು’ ಎಂಬ ಸಹಾಯದ ಲಿಂಕ್ ಇತ್ತು. ಮೂರು ಕಡೆ ತೋಟವಿದ್ದ ಸದಸ್ಯರೊಬ್ಬರ ವಿವರವನ್ನೆಲ್ಲ ತುಂಬಿ, ಕೊನೆಯ ಹಿಸ್ಸಾದ ಹತ್ತಿರ ಅನುಮಾನ ಬಂದು ಗುಮಾಸ್ತರು ಆ ಲಿಂಕ್ ಒತ್ತಿದರು. ಸಹಾಯದ ಪುಟ ಅದೇ ಟ್ಯಾಬಿನಲ್ಲಿ ತೆರೆದುಕೊಂಡಿತು. ಹಿಂದಕ್ಕೆ ಬಂದು ನೋಡಿದರೆ, ಸ್ಕ್ರಿಪ್ಟ್ ಮೂಲಕ ಸೇರಿಸಿದ್ದ ಎರಡನೆಯ ಮತ್ತು ಮೂರನೆಯ ತೋಟದ ಸಾಲುಗಳು ಪುಟದಲ್ಲೇ ಇರಲಿಲ್ಲ. ಆ ಸದಸ್ಯರು ಮತ್ತೆ ಅರ್ಧ ಗಂಟೆ ಕುಳಿತುಕೊಳ್ಳಬೇಕಾಯಿತು.

ಅಂದು ಸಂಜೆಯೇ ನಾನು ಪುಟ ಬಿಟ್ಟುಹೋಗುವ ಮುನ್ನ ಬರುವ, ಬ್ರೌಸರಿನ ‘ಬಿಫೋರ್‌ಅನ್‌ಲೋಡ್’ ಎಂಬ ಘಟನೆಯನ್ನು ಬಳಸಿ ಎಚ್ಚರಿಕೆ ಬರುವಂತೆ ಮಾಡಿದೆ, ಮತ್ತು ಕೆಲಸ ಮುಗಿಯಿತೆಂದುಕೊಂಡೆ. ಮರುದಿನ ಅದೇ ಗುಮಾಸ್ತರು ನನ್ನನ್ನು ಕರೆದು, “ಇದೆಂತ ಕೇಳ್ತಾ ಇದ್ದು ತಮಾ?” ಎಂದರು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು, ಕೆಳಗೆ ಎರಡು ಗುಂಡಿ. ಅವರು ಅದಕ್ಕೂ ಮೊದಲು ಒಮ್ಮೆ ಎದ್ದು ಕಾಣುವ ಗುಂಡಿಯನ್ನು ಒತ್ತಿ ಇನ್ನೊಬ್ಬ ಸದಸ್ಯರ ವಿವರವನ್ನು ಕಳೆದುಕೊಂಡಿದ್ದರು. ಬಿಫೋರ್‌ಅನ್‌ಲೋಡ್ ತೋರಿಸುವ ಮಾತು ಬ್ರೌಸರಿನದು, ನಮ್ಮದಲ್ಲ. ಬ್ರೌಸರಿನ ಭಾಷೆ ಇಂಗ್ಲಿಷಾಗಿದ್ದರೆ ಮಾತೂ ಇಂಗ್ಲಿಷಿನಲ್ಲೇ ಇರುತ್ತದೆ. ಪುಟದೊಳಗಿನ ಲಿಂಕನ್ನು ಒತ್ತಿದ ಕ್ಷಣದಲ್ಲಿ ಮಾತ್ರ ನಾವು ನಮ್ಮ ಮಾತಿನಲ್ಲಿ, ಕನ್ನಡದಲ್ಲಿ, ಏನು ಕಳೆಯುತ್ತದೆ ಎಂಬುದನ್ನು ಹೆಸರಿಸಿ ಕೇಳಬಹುದು ಮತ್ತು ‘ಸೇವ್ ಮಾಡಿ ಹೋಗು’ ಎಂಬ ಮೂರನೆಯ ದಾರಿಯನ್ನೂ ಕೊಡಬಹುದು. ಈ ಬರಹದ ಹೆಚ್ಚಿನ ಭಾಗ ಆ ಒಂದು ಕ್ಷಣವನ್ನು ಸರಿಯಾಗಿ ನಿಭಾಯಿಸುವುದರ ಕುರಿತಾಗಿದೆ. ಜಾವಾಸ್ಕ್ರಿಪ್ಟ್ ಸ್ವಲ್ಪ ಬರೆದು ಅಭ್ಯಾಸವಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಪುಟದಿಂದ ಹೊರಹೋಗುವ ಮೂರು ದಾರಿಗಳು

ಫಾರ್ಮ್ ತುಂಬುತ್ತಿರುವವರು ಮೂರು ಬಗೆಯಲ್ಲಿ ಪುಟವನ್ನು ಬಿಡುತ್ತಾರೆ. ಪುಟದೊಳಗಿನ ಲಿಂಕನ್ನೋ ಮೆನುವನ್ನೋ ಒತ್ತುವುದು ಒಂದು. ಟ್ಯಾಬ್ ಮುಚ್ಚುವುದು, ರೀಲೋಡ್ ಮಾಡುವುದು, ವಿಳಾಸದ ಪಟ್ಟಿಯಲ್ಲಿ ಬೇರೆ ವಿಳಾಸ ಬರೆಯುವುದು, ಹಿಂದಿನ ಪುಟದ ಗುಂಡಿ ಒತ್ತುವುದು ಎರಡನೆಯದು. ಕರೆಂಟ್ ಹೋಗುವುದು, ಫೋನಿನಲ್ಲಿ ಬೇರೆ ಆ್ಯಪ್‌ಗೆ ಹೋದಾಗ ಬ್ರೌಸರನ್ನು ವ್ಯವಸ್ಥೆಯೇ ಮುಚ್ಚಿಬಿಡುವುದು ಮೂರನೆಯದು. ಮೊದಲನೆಯದರಲ್ಲಿ ಪೂರ್ಣ ಹಿಡಿತ ನಮ್ಮದು. ಎರಡನೆಯದರಲ್ಲಿ ಬ್ರೌಸರ್ ನಮ್ಮ ಪರವಾಗಿ ಒಂದು ಪ್ರಶ್ನೆಯನ್ನಷ್ಟೇ ಕೇಳುತ್ತದೆ. ಮೂರನೆಯದರಲ್ಲಿ ಕೇಳಲು ಯಾರಿಗೂ ಅವಕಾಶವಿಲ್ಲದ ಕಾರಣ, ಮೊದಲೇ ಉಳಿಸಿಟ್ಟುಕೊಂಡಿರಬೇಕು. ಒಂದೇ ಉಪಾಯದಿಂದ ಮೂರನ್ನೂ ನಿಭಾಯಿಸಲು ಹೊರಟದ್ದೇ ನನ್ನ ಮೊದಲ ತಪ್ಪು.

ಮೊದಲ ಹೆಜ್ಜೆ: ಕೇಳುವ ಪ್ರಸಂಗವನ್ನೇ ಕಡಿಮೆ ಮಾಡುವುದು

ಕೋಡ್ ಬರೆಯುವ ಮೊದಲು ಫಾರ್ಮಿನ ಪುಟದಲ್ಲಿರುವ ಎಲ್ಲ ಲಿಂಕ್‌ಗಳನ್ನೂ ಒಂದು ಕಾಗದದ ಮೇಲೆ ಬರೆದುಕೊಳ್ಳಿ. ಫಾರ್ಮ್ ತುಂಬಲು ಸಹಾಯ ಮಾಡುವ ಲಿಂಕ್‌ಗಳು ಯಾವುವು, ನಿಜವಾಗಿ ಬೇರೆ ಕೆಲಸಕ್ಕೆ ಹೋಗುವ ಲಿಂಕ್‌ಗಳು ಯಾವುವು ಎಂದು ಬೇರ್ಪಡಿಸಿ. ಸಹಾಯದ ಮಾತು ಚಿಕ್ಕದಾಗಿದ್ದರೆ ಅದನ್ನು ಅದೇ ಪುಟದಲ್ಲಿ, ಒತ್ತಿದಾಗ ಬಿಚ್ಚಿಕೊಳ್ಳುವ ‘ಡಿಟೇಲ್ಸ್’ ಅಂಶದೊಳಗೆ ಇಡುವುದು ಒಳ್ಳೆಯದು. ದೊಡ್ಡದಾಗಿದ್ದರೆ ಲಿಂಕಿನ ‘ಟಾರ್ಗೆಟ್’ ಬದಲಿಸಿ ಹೊಸ ಟ್ಯಾಬಿನಲ್ಲಿ ತೆರೆಯುವಂತೆ ಮಾಡಿ, ಹೊಸ ಟ್ಯಾಬಿನಲ್ಲಿ ತೆರೆಯುತ್ತದೆ ಎಂಬುದನ್ನು ಲಿಂಕಿನ ಮಾತಿನಲ್ಲೇ ಹೇಳಿ. ಸಂಘದ ಫಾರ್ಮಿನಲ್ಲಿ ಹನ್ನೊಂದು ಲಿಂಕ್‌ಗಳ ಪೈಕಿ ಆರು ಈ ಹಂತದಲ್ಲೇ ಅಪಾಯವಿಲ್ಲದವಾದವು. ಹಿಸ್ಸಾ ನಂಬರಿನ ಸಹಾಯ ಈಗ ಅದೇ ಕಾಲಂನ ಕೆಳಗಿದೆ. ಬೇಲಿಯಲ್ಲಿ ದಣಪೆ (ದಾಟುವ ಬಾಗಿಲು) ಕಡಿಮೆಯಿದ್ದಷ್ಟೂ ಕಾಯುವುದು ಸುಲಭ.

ಎರಡನೆಯ ಹೆಜ್ಜೆ: ನಿಜವಾಗಿ ಬದಲಾಗಿದೆಯೇ ಎಂದು ತಿಳಿಯುವುದು

ಎಚ್ಚರಿಕೆಯ ಬೆಲೆ ಇರುವುದು ಅದು ಅಪರೂಪವಾಗಿರುವುದರಲ್ಲಿ. ಏನೂ ಬದಲಿಸದೆ ಹೊರಟವರನ್ನೂ ಪ್ರತಿ ಸಲ ತಡೆದು ಕೇಳಿದರೆ, ನಾಲ್ಕೇ ದಿನದಲ್ಲಿ ಅವರು ಓದದೆ ‘ಹೋಗು’ ಒತ್ತುವುದನ್ನು ರೂಢಿ ಮಾಡಿಕೊಳ್ಳುತ್ತಾರೆ, ಮತ್ತು ನಿಜವಾಗಿ ಕಳೆಯುವ ದಿನವೂ ಹಾಗೆಯೇ ಒತ್ತುತ್ತಾರೆ. ಆದ್ದರಿಂದ ಈ ಹೆಜ್ಜೆಗೆ ಹೆಚ್ಚು ಸಮಯ ಕೊಡಿ.

ಸುಲಭವಾದ ದಾರಿಯೆಂದರೆ ‘ಇನ್‌ಪುಟ್’ ಘಟನೆ ಬಂದೊಡನೆ ‘ಬದಲಾಗಿದೆ’ ಎಂಬ ಗುರುತನ್ನು ಹಾಕಿಬಿಡುವುದು. ಇದರಲ್ಲಿ ಎರಡು ಕೊರತೆಗಳಿವೆ. ಒಂದು ಅಕ್ಷರ ಬರೆದು ಅಳಿಸಿದರೂ ಗುರುತು ಉಳಿಯುತ್ತದೆ. ಮತ್ತು ನಮ್ಮದೇ ಸ್ಕ್ರಿಪ್ಟ್ ಒಂದು ಕಾಲಂನ ಬೆಲೆಯನ್ನು, ಅಂದರೆ ಅದರಲ್ಲಿ ತುಂಬಿದ ಮಾಹಿತಿಯನ್ನು, ಬದಲಿಸಿದಾಗ, ಉದಾಹರಣೆಗೆ 40 ಗುಂಟೆ ಎಂದು ಬರೆದದ್ದನ್ನು 1 ಎಕರೆಯಾಗಿ ಪರಿವರ್ತಿಸಿದಾಗ, ಬ್ರೌಸರ್ ಇನ್‌ಪುಟ್ ಘಟನೆಯನ್ನು ಹೊರಡಿಸುವುದೇ ಇಲ್ಲ. ಹೀಗಾಗಿ ನಾನು ಇನ್ನೊಂದು ಕ್ರಮವನ್ನು ಅನುಸರಿಸುತ್ತೇನೆ. ಪುಟ ಸಿದ್ಧವಾದಾಗ ಫಾರ್ಮಿನ ಎಲ್ಲ ಬೆಲೆಗಳನ್ನು ‘ಫಾರ್ಮ್‌ಡೇಟಾ’ ಮೂಲಕ ಓದಿ, ಹೆಸರು ಮತ್ತು ಬೆಲೆಗಳ ಜೋಡಿಗಳನ್ನು ಒಂದೇ ಸಾಲಾಗಿ ಪೋಣಿಸಿ ಇಟ್ಟುಕೊಳ್ಳುತ್ತೇನೆ. ಲಿಂಕ್ ಒತ್ತಿದ ಕ್ಷಣದಲ್ಲಿ ಅದೇ ರೀತಿ ಮತ್ತೊಮ್ಮೆ ಪೋಣಿಸಿ, ಎರಡು ಸಾಲುಗಳು ಒಂದೇ ಆಗಿವೆಯೇ ಎಂದು ನೋಡುತ್ತೇನೆ. ಆಮೇಲೆ ಸೇರಿಸಿದ ತೋಟದ ಸಾಲುಗಳು ಕೂಡ, ಅವುಗಳ ಕಾಲಂಗಳಿಗೆ ಹೆಸರಿದ್ದರೆ, ತಾವಾಗಿಯೇ ಈ ಲೆಕ್ಕದಲ್ಲಿ ಬರುತ್ತವೆ.

ಇಲ್ಲಿ ಕೆಲವು ಹೊಂಡಗಳಿವೆ, ಅವುಗಳಲ್ಲಿ ನಾನು ಬಿದ್ದು ಎದ್ದಿದ್ದೇನೆ. ನಿಷ್ಕ್ರಿಯಗೊಳಿಸಿದ ಕಾಲಂಗಳು ಮತ್ತು ಟಿಕ್ ಹಾಕದ ಚೌಕಗಳು ಫಾರ್ಮ್‌ಡೇಟಾದಲ್ಲಿ ಬರುವುದಿಲ್ಲ; ಟಿಕ್ ತೆಗೆದದ್ದು ಜೋಡಿಯೊಂದು ಕಾಣೆಯಾಗುವುದರಿಂದ ತಿಳಿಯುತ್ತದೆ, ಆದರೆ ನಿಷ್ಕ್ರಿಯ ಕಾಲಂನಲ್ಲಿ ಸ್ಕ್ರಿಪ್ಟ್ ಬರೆದ ಬೆಲೆ ತಿಳಿಯುವುದಿಲ್ಲ. ರೋಗ ತಗುಲಿದ ಅಡಿಕೆ ಗೊನೆಯ ಫೋಟೋ ಸೇರಿಸುವ ಕಾಲಂ ಇದ್ದರೆ, ಆ ಕಡತವನ್ನು ನೇರವಾಗಿ ಅಕ್ಷರಸಾಲಾಗಿ ಮಾಡಿದಾಗ ಎಲ್ಲ ಫೋಟೋಗಳೂ ಒಂದೇ ಮಾತಾಗಿ ಬರುವುದರಿಂದ, ಕಡತದ ಹೆಸರನ್ನೂ ಗಾತ್ರವನ್ನೂ ತೆಗೆದು ಪೋಣಿಸಬೇಕು. ಭದ್ರತೆಗಾಗಿ ಸರ್ವರ್ ಇಡುವ ಅಡಗಿದ ಟೋಕನ್ ನಡುವೆ ಬದಲಾಗುವಂತಿದ್ದರೆ ಅದನ್ನು ಹೋಲಿಕೆಯಿಂದ ಹೊರಗಿಡಬೇಕು. ಫೈರ್‌ಫಾಕ್ಸ್ ರೀಲೋಡ್ ಆದ ಮೇಲೆ ಹಳೆಯ ಬರಹವನ್ನು ಕಾಲಂಗಳಿಗೆ ತಾನೇ ತುಂಬಿಕೊಡುತ್ತದೆ. ನಾವು ಅದನ್ನೇ ಮೂಲವೆಂದು ಪೋಣಿಸಿದರೆ ಸೇವ್ ಆಗದ ಬರಹ ಸೇವ್ ಆದದ್ದರಂತೆ ಕಾಣುತ್ತದೆ. ಫಾರ್ಮಿಗೆ ‘ಆಟೋಕಂಪ್ಲೀಟ್’ ಬೇಡವೆಂದು ಸೂಚಿಸಿದರೆ ಈ ತೊಂದರೆ ತಪ್ಪುತ್ತದೆ.

ಕನ್ನಡದ ಫಾರ್ಮುಗಳಿಗೇ ಮೀಸಲಾದ ಒಂದು ತೊಡಕನ್ನು ಸ್ವಲ್ಪ ಬಿಡಿಸಿ ಹೇಳಬೇಕು. ‘ಕೊಳೆ’ ಎಂಬ ಪದದ ಮೊದಲ ಅಕ್ಷರವನ್ನು ಯೂನಿಕೋಡಿನಲ್ಲಿ ಎರಡು ಬಗೆಯಾಗಿ ಬರೆಯಬಹುದು: ಕಕಾರದ ಮುಂದೆ ಒಕಾರದ ಒಂದೇ ಚಿಹ್ನೆಯನ್ನಿಟ್ಟು, ಅಥವಾ ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆಗಳನ್ನು ಒಂದರ ಹಿಂದೆ ಒಂದಿಟ್ಟು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ದೀರ್ಘದ ಚಿಹ್ನೆಯಿರುವ ಕೀ, ಕೇ, ಕೋ ಅಕ್ಷರಗಳಿಗೂ ಐಕಾರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಒಬ್ಬರು ಒಂದು ಕೀಲಿಮಣೆಯಲ್ಲಿ ಬರೆದದ್ದನ್ನು ಇನ್ನೊಬ್ಬರು ಅಳಿಸಿ ಬೇರೆ ಉಪಕರಣದಲ್ಲಿ ಅದೇ ಪದವನ್ನು ಬರೆದರೆ, ನಮ್ಮ ಹೋಲಿಕೆ ‘ಬದಲಾಗಿದೆ’ ಎನ್ನುವ ಸಾಧ್ಯತೆಯಿದೆ. ಪರಿಹಾರ ಸರಳ: ಪೋಣಿಸುವ ಮೊದಲು ಪ್ರತಿ ಬೆಲೆಗೂ ‘ನಾರ್ಮಲೈಸ್’ ಎಂಬ ವಿಧಾನವನ್ನು, ಇಂಥ ಎರಡು ಬಗೆಗಳನ್ನು ಒಂದಾಗಿಸುವ ಎನ್‌ಎಫ್‌ಸಿ ರೂಪಕ್ಕೆ ಹೊಂದಿಸಿ ಕರೆಯಿರಿ, ಮತ್ತು ಹಿಂದುಮುಂದಿನ ಖಾಲಿ ಜಾಗವನ್ನು ಕತ್ತರಿಸಿ. ಸೊನ್ನೆ ಅಗಲದ ಜೋಡಕ ಚಿಹ್ನೆಗಳನ್ನು ಮಾತ್ರ ಕಿತ್ತುಹಾಕಬೇಡಿ. ಕೆಲವು ಪದಗಳಲ್ಲಿ ಅರ್ಕಾವತ್ತು ಬರುವ ರೀತಿಯೇ ಅವುಗಳ ಮೇಲೆ ನಿಂತಿದೆ, ಆ ಬದಲಾವಣೆ ಬರೆದವರ ಉದ್ದೇಶವೇ ಆಗಿರಬಹುದು.

ಇಷ್ಟಾದ ಮೇಲೆ ಫಾರ್ಮ್ ಬದಲಾಗಿದೆಯೇ ಇಲ್ಲವೇ ಎಂದು ಹೇಳುವ ಒಂದೇ ಒಂದು ಕಾರ್ಯ ನಿಮ್ಮ ಕೈಯಲ್ಲಿರಬೇಕು, ಮುಂದಿನ ಎಲ್ಲ ಹೆಜ್ಜೆಗಳೂ ಅದನ್ನೇ ಕೇಳಬೇಕು. ಯಾವ ಯಾವ ಕಾಲಂ ಬದಲಾಗಿದೆ ಎಂಬ ಪಟ್ಟಿಯನ್ನೂ ಅದು ಕೊಡುವಂತೆ ಮಾಡಿದರೆ ಮುಂದೆ ಪ್ರಶ್ನೆ ಬರೆಯುವಾಗ ಉಪಯೋಗಕ್ಕೆ ಬರುತ್ತದೆ.

ಮೂರನೆಯ ಹೆಜ್ಜೆ: ಲಿಂಕಿನ ಕ್ಲಿಕ್ಕನ್ನು ಹಿಡಿಯುವುದು

ಪ್ರತಿ ಲಿಂಕಿಗೂ ಬೇರೆ ಬೇರೆ ಕಾವಲು (ಘಟನೆಯನ್ನು ಗಮನಿಸುವ ಕೋಡ್) ಹಾಕುವ ಅಗತ್ಯವಿಲ್ಲ. ಕ್ಲಿಕ್ ಘಟನೆ ಒತ್ತಿದ ಅಂಶದಿಂದ ಮೇಲಕ್ಕೆ ಏರುತ್ತ ಇಡೀ ಡಾಕ್ಯುಮೆಂಟ್‌ವರೆಗೆ ಬರುವುದರಿಂದ, ಡಾಕ್ಯುಮೆಂಟ್‌ಗೆ ಒಂದೇ ಕಾವಲು ಸಾಕು; ಆಮೇಲೆ ಸೇರಿಸಿದ ಲಿಂಕ್‌ಗಳೂ ಅದರೊಳಗೆ ಬರುತ್ತವೆ. ಒತ್ತಿದ್ದು ಲಿಂಕಿನೊಳಗಿನ ಚಿತ್ರವೋ ದಪ್ಪಕ್ಷರವೋ ಆಗಿರಬಹುದಾದ್ದರಿಂದ, ಒತ್ತಿದ ಅಂಶದಿಂದ ‘ಕ್ಲೋಸೆಸ್ಟ್’ ವಿಧಾನದ ಮೂಲಕ ಮೇಲಕ್ಕೆ ಹುಡುಕಿ, ‘ಎಚ್‌ರೆಫ್’ ಇರುವ ಲಿಂಕ್ ಸಿಕ್ಕಿದೆಯೇ ನೋಡಿ. ಸಿಗದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಕೀಲಿಮಣೆಯಿಂದ ಲಿಂಕಿನ ಮೇಲೆ ಎಂಟರ್ ಒತ್ತಿದರೂ ಕ್ಲಿಕ್ ಘಟನೆಯೇ ಬರುವುದರಿಂದ, ಮೌಸ್ ಬಳಸದವರಿಗಾಗಿ ಬೇರೆ ಏರ್ಪಾಡು ಬೇಡ.

ಲಿಂಕ್ ಸಿಕ್ಕಿತೆಂದ ಮಾತ್ರಕ್ಕೆ ಪುಟ ಬಿಟ್ಟು ಹೋಗುತ್ತದೆ ಎಂದಲ್ಲ. ಕೆಳಗಿನ ಸಂದರ್ಭಗಳಲ್ಲಿ ಏನನ್ನೂ ಕೇಳದೆ ದಾರಿ ಬಿಡಬೇಕು.

ಬೇರೊಂದು ಸ್ಕ್ರಿಪ್ಟ್ ಆ ಕ್ಲಿಕ್ಕನ್ನು ಈಗಾಗಲೇ ತಡೆದಿದ್ದರೆ, ಅಂದರೆ ‘ಡಿಫಾಲ್ಟ್‌ಪ್ರಿವೆಂಟೆಡ್’ ಗುಣ ಸತ್ಯವಾಗಿದ್ದರೆ, ಅದು ಮೆನು ಬಿಚ್ಚುವ ಲಿಂಕ್ ಇದ್ದೀತು. ನಾವು ನಡುವೆ ಬರಬಾರದು. ಕಂಟ್ರೋಲ್, ಶಿಫ್ಟ್, ಆಲ್ಟ್ ಅಥವಾ ಮ್ಯಾಕ್‌ನ ಕಮಾಂಡ್ ಕೀಲಿಯನ್ನು ಹಿಡಿದು ಒತ್ತಿದ್ದರೆ ಅದು ಹೊಸ ಟ್ಯಾಬ್, ಹೊಸ ಕಿಟಕಿ ಅಥವಾ ಡೌನ್‌ಲೋಡ್ ಆಗುತ್ತದೆ, ಫಾರ್ಮ್ ಇದ್ದಲ್ಲೇ ಇರುತ್ತದೆ. ಮೌಸಿನ ನಡುಗುಂಡಿಯ ಒತ್ತು ಈಗಿನ ಬ್ರೌಸರ್‌ಗಳಲ್ಲಿ ಕ್ಲಿಕ್ ಆಗಿ ಬಾರದೆ ‘ಆಕ್ಸ್‌ಕ್ಲಿಕ್’ ಎಂಬ ಬೇರೆ ಘಟನೆಯಾಗಿ ಬರುತ್ತದೆ, ಆದರೂ ‘ಬಟನ್’ ಗುಣ 0 ಹೌದೇ ಎಂದು ನೋಡುವುದು ಕ್ಷೇಮ. ಲಿಂಕಿನ ಟಾರ್ಗೆಟ್ ಬೇರೆ ಟ್ಯಾಬಿಗೆ ಹೋಗುವಂತಿದ್ದರೆ, ‘ಡೌನ್‌ಲೋಡ್’ ಗುಣವಿದ್ದರೆ, ಅಥವಾ ವಿಳಾಸ ಇಮೇಲ್‌ಗೋ ದೂರವಾಣಿಗೋ ಸೇರಿದ್ದರೆ ಬಿಟ್ಟುಬಿಡಿ. ಮುಂದೆ ಹೋಗಬೇಕಾದದ್ದು ಎಚ್‌ಟಿಟಿಪಿ ಮತ್ತು ಎಚ್‌ಟಿಟಿಪಿಎಸ್ ವಿಳಾಸಗಳು ಮಾತ್ರ. ಕೊನೆಯದಾಗಿ, ಅದೇ ಪುಟದ ಇನ್ನೊಂದು ಭಾಗಕ್ಕೆ ಜಿಗಿಯುವ ಲಿಂಕ್. ಇದನ್ನು ಗುರುತಿಸಲು ಲಿಂಕಿನ ಮೂಲ (ತಾಣದ ವಿಳಾಸ), ದಾರಿ ಮತ್ತು ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗ ಈಗಿನ ಪುಟದವುಗಳೊಂದಿಗೆ ಹೊಂದುತ್ತವೆಯೇ, ಮತ್ತು ಹ್ಯಾಶ್ ಭಾಗ ಇದೆಯೇ ಎಂದು ನೋಡಿ. ವಿಳಾಸ ಹ್ಯಾಶ್‌ನಿಂದ ಶುರುವಾಗುತ್ತದೆಯೇ ಎಂದಷ್ಟೇ ನೋಡಿದರೆ ಪೂರ್ಣ ವಿಳಾಸ ಬರೆದ ಜಿಗಿತಗಳು ತಪ್ಪಿಹೋಗುತ್ತವೆ.

ಇವೆಲ್ಲ ದಾಟಿದ ಮೇಲೆ ಫಾರ್ಮ್ ಬದಲಾಗಿದೆಯೇ ಎಂದು ಕೇಳಿ. ಬದಲಾಗಿದ್ದರೆ ‘ಪ್ರಿವೆಂಟ್‌ಡಿಫಾಲ್ಟ್’ ಕರೆದು ಕ್ಲಿಕ್ಕನ್ನು ತಡೆಯಿರಿ. ಈ ಕರೆ ಅದೇ ಕ್ಷಣದಲ್ಲಿ ಆಗಬೇಕು ಎಂಬುದನ್ನು ಮರೆಯಬೇಡಿ. ಸರ್ವರಿನಿಂದ ಉತ್ತರ ಬರಲೆಂದು ಕಾದು, ಅಥವಾ ‘ಅವೇಟ್’ ಆದ ಮೇಲೆ ತಡೆಯಲು ಹೋದರೆ ಬ್ರೌಸರ್ ಆಗಲೇ ಹೊರಟಿರುತ್ತದೆ. ಮೊದಲು ತಡೆದು, ಹೋಗಬೇಕಾಗಿದ್ದ ವಿಳಾಸವನ್ನು ಒಂದು ಕಡೆ ನೆನಪಿಟ್ಟುಕೊಂಡು, ಆಮೇಲೆ ನಿಧಾನವಾಗಿ ಕೇಳುವುದು ಕ್ರಮ.

ಕ್ಲಿಕ್ ಘಟನೆ ಮೊದಲು ಡಾಕ್ಯುಮೆಂಟ್‌ನಿಂದ ಒತ್ತಿದ ಅಂಶದವರೆಗೆ ಇಳಿದು, ಆಮೇಲೆ ಮೇಲಕ್ಕೆ ಏರುವುದರಿಂದ, ಕಾವಲನ್ನು ಅದು ಇಳಿಯುವಾಗ ಹಾಕಬೇಕೋ ಏರುವಾಗ ಹಾಕಬೇಕೋ ಎಂಬ ಪ್ರಶ್ನೆ ಬರುತ್ತದೆ. ಇಳಿಯುವಾಗ ಹಾಕಿದರೆ ಯಾರೂ ನಮ್ಮನ್ನು ತಪ್ಪಿಸಿಕೊಳ್ಳಲಾರರು, ಆದರೆ ಇತರ ಸ್ಕ್ರಿಪ್ಟ್‌ಗಳು ಆ ಕ್ಲಿಕ್ಕನ್ನು ತಡೆಯುತ್ತವೆಯೇ ಎಂಬುದು ನಮಗೆ ಇನ್ನೂ ಗೊತ್ತಿರುವುದಿಲ್ಲ, ಹಾಗಾಗಿ ಮೆನು ಬಿಚ್ಚಿದಾಗಲೂ ಪ್ರಶ್ನೆ ಬರುತ್ತದೆ. ನಾನು ಏರುವಾಗಲೇ ಹಾಕುತ್ತೇನೆ. ಘಟನೆಯನ್ನು ನಡುವೆಯೇ ನಿಲ್ಲಿಸುವ ಸ್ಕ್ರಿಪ್ಟ್ ಯಾವುದಾದರೂ ಇದ್ದರೆ ಆ ಸ್ಕ್ರಿಪ್ಟನ್ನೇ ತಿದ್ದುತ್ತೇನೆ.

ಲಿಂಕ್‌ನಂತೆ ಕಾಣುವ, ಆದರೆ ಲಿಂಕ್ ಅಲ್ಲದ ಎರಡು ವಸ್ತುಗಳು ಸಾಮಾನ್ಯವಾಗಿ ಎಲ್ಲ ಕಚೇರಿ ಪುಟಗಳಲ್ಲೂ ಇರುತ್ತವೆ: ‘ಲಾಗ್‌ಔಟ್’ ಗುಂಡಿ ಮತ್ತು ಮೇಲ್ಗಡೆಯ ಹುಡುಕು ಪೆಟ್ಟಿಗೆ. ಇವು ತಮ್ಮದೇ ಸಣ್ಣ ಫಾರ್ಮ್‌ಗಳಾಗಿದ್ದು, ಒತ್ತಿದಾಗ ‘ಸಬ್‌ಮಿಟ್’ ಘಟನೆ ಬರುತ್ತದೆ. ನಮ್ಮ ಮುಖ್ಯ ಫಾರ್ಮ್ ಹೊರತು ಬೇರೆ ಯಾವ ಫಾರ್ಮಿನ ಸಬ್‌ಮಿಟ್ ಬಂದರೂ ಇದೇ ಪ್ರಶ್ನೆಯನ್ನು ಕೇಳಿ, ಒಪ್ಪಿಗೆ ಬಂದ ಮೇಲೆ ‘ರಿಕ್ವೆಸ್ಟ್‌ಸಬ್‌ಮಿಟ್’ ಮೂಲಕ ಮುಂದುವರಿಸಬೇಕು.

ನಾಲ್ಕನೆಯ ಹೆಜ್ಜೆ: ಪ್ರಶ್ನೆಯನ್ನು ಕನ್ನಡದಲ್ಲಿ, ಸ್ಪಷ್ಟವಾಗಿ ಕೇಳುವುದು

‘ಕನ್‌ಫರ್ಮ್’ ಎಂಬ ಸಿದ್ಧ ಪ್ರಶ್ನೆಯ ಕಿಟಕಿಯಲ್ಲಿ ಪ್ರಶ್ನೆಯನ್ನು ಕನ್ನಡದಲ್ಲಿ ಬರೆಯಬಹುದು, ಗುಂಡಿಗಳ ಮಾತನ್ನು ಬದಲಿಸಲಾಗದು. ‘ರದ್ದು’ ಎಂದರೆ ಹೋಗುವುದು ರದ್ದೋ, ಬರೆದದ್ದು ರದ್ದೋ ಎಂದು ಜನ ಗೊಂದಲಕ್ಕೆ ಬೀಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ‘ಡಯಲಾಗ್’ ಎಂಬ ಎಚ್‌ಟಿಎಂಎಲ್ ಅಂಶವನ್ನು ಬಳಸಿ. 2022ರ ಮಾರ್ಚ್ ತಿಂಗಳಲ್ಲಿ ಫೈರ್‌ಫಾಕ್ಸ್ 98 ಮತ್ತು ಸಫಾರಿ 15.4 ಇದನ್ನು ಅಳವಡಿಸಿಕೊಂಡಂದಿನಿಂದ ಎಲ್ಲ ಪ್ರಮುಖ ಬ್ರೌಸರ್‌ಗಳಲ್ಲೂ ಇದು ದೊರೆಯುತ್ತದೆ. ‘ಶೋಮೋಡಲ್’ ಮೂಲಕ ತೆರೆದರೆ ಹಿಂದಿನ ಪುಟ ತಾನಾಗಿಯೇ ಮುಟ್ಟಲಾಗದಂತಾಗುತ್ತದೆ, ಎಸ್ಕೇಪ್ ಕೀಲಿ ಒತ್ತಿದರೆ ಪೆಟ್ಟಿಗೆ ಮುಚ್ಚುತ್ತದೆ.

ಪ್ರಶ್ನೆಯಲ್ಲಿ ಏನು ಕಳೆಯುತ್ತದೆ ಎಂಬುದನ್ನು ಹೆಸರಿಟ್ಟು ಹೇಳಿ. ‘ಬದಲಾವಣೆಗಳು ಉಳಿದಿಲ್ಲ’ ಎಂಬ ಮಾತಿಗಿಂತ ‘ಈ ಸದಸ್ಯರ ತೋಟದ ವಿವರದಲ್ಲಿ 7 ಕಾಲಂ ತುಂಬಿದ್ದೀರಿ, ಇನ್ನೂ ಸೇವ್ ಆಗಿಲ್ಲ’ ಎಂಬ ಮಾತು ಓದುವವರನ್ನು ನಿಲ್ಲಿಸುತ್ತದೆ. ಗುಂಡಿಗಳ ಮೇಲೆ ಮಾಡುವ ಕೆಲಸವನ್ನೇ ಬರೆಯಿರಿ: ‘ಇಲ್ಲೇ ಇರುತ್ತೇನೆ’, ‘ಸೇವ್ ಮಾಡಿ ಹೋಗುತ್ತೇನೆ’, ‘ಸೇವ್ ಮಾಡದೆ ಹೋಗುತ್ತೇನೆ’. ‘ಹೌದು’, ‘ಅಲ್ಲ’ ಎಂಬ ಗುಂಡಿಗಳನ್ನು ಇಡಲೇಬೇಡಿ. ಪೆಟ್ಟಿಗೆ ತೆರೆದಾಗ ಕೀಲಿಮಣೆಯ ಗಮನ ‘ಇಲ್ಲೇ ಇರುತ್ತೇನೆ’ ಎಂಬುದರ ಮೇಲೆ ಇರುವಂತೆ ‘ಆಟೋಫೋಕಸ್’ ಇಡಿ, ಅವಸರದಲ್ಲಿ ಎಂಟರ್ ಒತ್ತಿದವರಿಗೂ ನಷ್ಟವಾಗದಂತೆ. ಪುಟದ ಭಾಷೆ ಕನ್ನಡ ಎಂಬುದನ್ನು ‘ಲ್ಯಾಂಗ್’ ಗುಣದಲ್ಲಿ ಸೂಚಿಸದಿದ್ದರೆ ಪರದೆ ಓದುವ ತಂತ್ರಾಂಶ ನಿಮ್ಮ ಪ್ರಶ್ನೆಯನ್ನು ಬೇರೆ ಭಾಷೆಯ ಧ್ವನಿಯಲ್ಲಿ ಓದಬಹುದು, ಅಥವಾ ಓದದೆಯೇ ಬಿಡಬಹುದು.

ಡಯಲಾಗ್ ಮುಚ್ಚಿದಾಗ ಯಾವ ಗುಂಡಿ ಒತ್ತಿದರು ಎಂಬುದು ಅದರ ‘ರಿಟರ್ನ್‌ವ್ಯಾಲ್ಯೂ’ದಲ್ಲಿ ಸಿಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಎಸ್ಕೇಪ್ ಒತ್ತಿ ಮುಚ್ಚಿದರೆ ಆ ಬೆಲೆ ಬದಲಾಗುವುದಿಲ್ಲ, ಹಿಂದಿನ ಸಲದ್ದೇ ಉಳಿಯುತ್ತದೆ. ಮೊದಲ ಸಲ ‘ಸೇವ್ ಮಾಡಿ ಹೋಗುತ್ತೇನೆ’ ಎಂದು ಒತ್ತಿ, ನೆಟ್‌ವರ್ಕ್ ಇಲ್ಲದೆ ಸೇವ್ ವಿಫಲವಾಗಿ, ಎರಡನೆಯ ಸಲ ಎಸ್ಕೇಪ್ ಒತ್ತಿದರೆ ನಮ್ಮ ಕೋಡ್ ಮತ್ತೆ ಸೇವ್ ಮಾಡಲು ಹೊರಡುತ್ತದೆ. ಪ್ರತಿ ಸಲ ತೆರೆಯುವ ಮುನ್ನ ಆ ಬೆಲೆಯನ್ನು ಖಾಲಿ ಮಾಡಿ. ಖಾಲಿಯಿದ್ದರೆ ‘ಇಲ್ಲೇ ಇರುತ್ತೇನೆ’ ಎಂದೇ ತಿಳಿಯಬೇಕು. ಉಳಿಯಲು ಬಯಸಿದವರ ಗಮನವನ್ನು ಅವರು ಕೊನೆಯಲ್ಲಿ ಬರೆಯುತ್ತಿದ್ದ ಕಾಲಂಗೆ ಒಯ್ದು ಬಿಡುವುದು ಸೌಜನ್ಯ.

ಐದನೆಯ ಹೆಜ್ಜೆ: ಉತ್ತರದಂತೆ ನಡೆಯುವುದು

‘ಸೇವ್ ಮಾಡದೆ ಹೋಗುತ್ತೇನೆ’ ಎಂದರೆ ‘ಹೋಗಲು ಒಪ್ಪಿಗೆಯಾಗಿದೆ’ ಎಂಬ ಗುರುತನ್ನು ಹಾಕಿ, ನೆನಪಿಟ್ಟ ವಿಳಾಸಕ್ಕೆ ‘ಲೊಕೇಶನ್’ ವಸ್ತುವಿನ ‘ಅಸೈನ್’ ಮೂಲಕ ಹೋಗಿ. ಆ ಗುರುತು ಏಕೆಂದರೆ, ಇಲ್ಲದಿದ್ದರೆ ಮುಂದಿನ ಹೆಜ್ಜೆಯಲ್ಲಿ ಹಾಕುವ ಬ್ರೌಸರಿನ ಎಚ್ಚರಿಕೆ ಅದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಇನ್ನೊಮ್ಮೆ ಕೇಳುತ್ತದೆ.

ಈ ಗುರುತನ್ನು ಅಳಿಸುವುದನ್ನು ಎಲ್ಲರೂ ಮರೆಯುತ್ತಾರೆ. ಹೋದವರು ಹಿಂದಿನ ಪುಟದ ಗುಂಡಿ ಒತ್ತಿ ಬಂದಾಗ, ಬ್ರೌಸರ್ ಹಳೆಯ ಪುಟವನ್ನು ಅದರ ಜಾವಾಸ್ಕ್ರಿಪ್ಟ್ ಸ್ಥಿತಿಯ ಸಮೇತ ನೆನಪಿನಿಂದ ಎತ್ತಿ ಕೊಡುವುದುಂಟು. ಆಗ ಗುರುತು ಇನ್ನೂ ಇರುವುದರಿಂದ ಕಾವಲು ಮಲಗಿರುತ್ತದೆ. ‘ಪೇಜ್‌ಶೋ’ ಘಟನೆ ಬಂದು ಅದರ ‘ಪರ್ಸಿಸ್ಟೆಡ್’ ಗುಣ ಸತ್ಯವಾಗಿದ್ದರೆ ಗುರುತನ್ನು ಅಳಿಸಿ. ಹಾಗೆಯೇ ರಸೀದಿ ಇಳಿಸಿಕೊಳ್ಳುವ ಲಿಂಕ್‌ಗೆ ಡೌನ್‌ಲೋಡ್ ಗುಣ ಇಲ್ಲದಿದ್ದರೆ, ಸರ್ವರ್ ಕಡತವನ್ನು ಕೊಟ್ಟು ಪುಟ ಇದ್ದಲ್ಲೇ ಉಳಿಯುತ್ತದೆ, ಗುರುತೂ ಉಳಿಯುತ್ತದೆ. ಅಂಥ ಲಿಂಕ್‌ಗಳಿಗೆ ಆ ಗುಣವನ್ನು ಸೇರಿಸುವುದೇ ಸರಿಯಾದ ಪರಿಹಾರ.

‘ಸೇವ್ ಮಾಡಿ ಹೋಗುತ್ತೇನೆ’ ಎಂದರೆ ‘ಫೆಚ್’ ಮೂಲಕ ಕಳುಹಿಸಿ, ಸರ್ವರ್ ಸರಿಯೆಂದ ಮೇಲೆ ಮಾತ್ರ ಮೂಲಸಾಲನ್ನು ಹೊಸದಾಗಿ ಪೋಣಿಸಿ ಹೊರಡಬೇಕು. ಫೆಚ್ ಸರ್ವರಿನ ದೋಷದ ಉತ್ತರವನ್ನು ವಿಫಲತೆ ಎಂದು ಎಣಿಸುವುದಿಲ್ಲ. ಉತ್ತರದ ‘ಓಕೆ’ ಗುಣವನ್ನು ನಾವೇ ನೋಡಬೇಕು. ಮಾಮೂಲಿ ಸಬ್‌ಮಿಟ್ ಬಳಸುವ ಫಾರ್ಮ್‌ಗಳಲ್ಲಿ ಸಬ್‌ಮಿಟ್ ಘಟನೆ ಬಂದಾಗ ಒಪ್ಪಿಗೆಯ ಗುರುತು ಹಾಕಿದರಾಯಿತು, ಆದರೆ ಸ್ಕ್ರಿಪ್ಟ್‌ನಿಂದ ನೇರವಾಗಿ ಫಾರ್ಮಿನ ‘ಸಬ್‌ಮಿಟ್’ ವಿಧಾನವನ್ನು ಕರೆದರೆ ಆ ಘಟನೆ ಬರುವುದಿಲ್ಲ ಎಂಬುದು ನೆನಪಿರಲಿ. ಫಾರ್ಮನ್ನು ಮೊದಲಿನಂತೆ ಮಾಡುವ ‘ರೀಸೆಟ್’ ಘಟನೆ ಬೆಲೆಗಳು ಬದಲಾಗುವ ಮುನ್ನವೇ ಬರುತ್ತದೆ, ಆದ್ದರಿಂದ ಅಲ್ಲಿ ಹೋಲಿಕೆಯನ್ನು ಒಂದು ಕ್ಷಣ ಮುಂದೂಡಿ.

ಆರನೆಯ ಹೆಜ್ಜೆ: ಬ್ರೌಸರಿನ ಎಚ್ಚರಿಕೆ

ಟ್ಯಾಬ್ ಮುಚ್ಚುವವರಿಗಾಗಿ ಬಿಫೋರ್‌ಅನ್‌ಲೋಡ್ ಬೇಕೇ ಬೇಕು. ಒಂದು ಕಾಲದಲ್ಲಿ ಅದರಲ್ಲೂ ನಮ್ಮ ಮಾತನ್ನು ತೋರಿಸಬಹುದಿತ್ತು. ಮೋಸದ ಪುಟಗಳು ಅದನ್ನು ದುರುಪಯೋಗ ಮಾಡಿದ ಕಾರಣ 2016ರಲ್ಲಿ ಫೈರ್‌ಫಾಕ್ಸ್ 44 ಮತ್ತು ಕ್ರೋಮ್ 51 ಆ ಅವಕಾಶವನ್ನು ತೆಗೆದುಹಾಕಿದವು. ಘಟನೆ ಬಂದಾಗ ಪ್ರಿವೆಂಟ್‌ಡಿಫಾಲ್ಟ್ ಕರೆಯುವುದು ನಿಯಮದ ದಾರಿ. ಕ್ರೋಮ್ ಅದನ್ನು ಒಪ್ಪಿಕೊಂಡದ್ದು 2023ರ 119ನೆಯ ಆವೃತ್ತಿಯಿಂದ, ಆದ್ದರಿಂದ ಹಳೆಯ ಕಂಪ್ಯೂಟರುಗಳಿರುವ ಕಚೇರಿಗಳಿಗಾಗಿ ಘಟನೆಯ ರಿಟರ್ನ್‌ವ್ಯಾಲ್ಯೂಗೆ ಖಾಲಿಯಲ್ಲದ ಒಂದು ಬೆಲೆಯನ್ನೂ ಕೊಡಿ.

ಈ ಕಾವಲನ್ನು ಫಾರ್ಮ್ ಬದಲಾದಾಗ ಹಾಕಿ, ಸೇವ್ ಆದಾಗ ತೆಗೆಯಿರಿ. ಸದಾ ಇಟ್ಟರೆ ಕೆಲವು ಬ್ರೌಸರ್‌ಗಳಲ್ಲಿ ಪುಟವನ್ನು ನೆನಪಿನಿಂದ ಬೇಗನೆ ಎತ್ತಿಕೊಡುವ ಸೌಲಭ್ಯಕ್ಕೆ ಅಡ್ಡಿಯಾಗಬಹುದು. ಬಳಕೆದಾರರು ಪುಟವನ್ನು ಒಮ್ಮೆಯೂ ಮುಟ್ಟದೆ ಇದ್ದರೆ ಬ್ರೌಸರ್ ಪ್ರಶ್ನೆಯನ್ನೇ ತೋರಿಸುವುದಿಲ್ಲ, ಅದನ್ನು ದೋಷವೆಂದು ಹುಡುಕುತ್ತ ಕೂರಬೇಡಿ. ಈ ಘಟನೆಯೊಳಗೆ ಸರ್ವರಿಗೆ ಕಳುಹಿಸಿ ಕಾಯುವ ಯಾವ ಕೆಲಸವನ್ನೂ ಇಡಬಾರದು.

ಏಳನೆಯ ಹೆಜ್ಜೆ: ಕೇಳಲಾಗದ ಸಂದರ್ಭಕ್ಕೆ ಕರಡು ಉಳಿಸುವುದು

ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮರ ಬಿದ್ದು ಕರೆಂಟ್ ಹೋಗುವುದು ಮಾಮೂಲು. ಕರಾವಳಿಯಲ್ಲಿ ತೊಂದರೆ ಇನ್ನೊಂದು ಬಗೆಯದು: ಕಾರವಾರದ ಬೈತಖೋಲ ಬಂದರಿನಲ್ಲಿ ನಿಂತು ದೋಣಿಯ ವಿವರವನ್ನು ಫೋನಿನಲ್ಲೇ ತುಂಬುವವರಿಗೆ ನಡುವೆ ಕರೆ ಬರುತ್ತದೆ, ಅವರು ಬೇರೆ ಆ್ಯಪ್‌ಗೆ ಹೋಗುತ್ತಾರೆ, ಬ್ರೌಸರ್ ಹಿನ್ನೆಲೆಯಲ್ಲೇ ಮುಚ್ಚಿಹೋಗುತ್ತದೆ. ಫೋನುಗಳಲ್ಲಿ ಬಿಫೋರ್‌ಅನ್‌ಲೋಡ್ ಮೇಲೆ ಭರವಸೆ ಇಡುವಂತಿಲ್ಲ. ಪುಟ ಮರೆಯಾಗುವಾಗ ಬರುವ ‘ವಿಸಿಬಿಲಿಟಿಚೇಂಜ್’ ಘಟನೆಯೇ ನಂಬಬಹುದಾದ ಕೊನೆಯ ಸೂಚನೆ.

ಬರಹ ನಿಂತ ಒಂದು ಸೆಕೆಂಡಿನ ನಂತರ, ಮತ್ತು ಪುಟ ಮರೆಯಾದಾಗ, ಬೆಲೆಗಳನ್ನು ‘ಲೋಕಲ್‌ಸ್ಟೋರೇಜ್’ನಲ್ಲಿ ಬರೆದಿಡಿ. ಲಿಪ್ಯಂತರ ಕೀಲಿಮಣೆಯಲ್ಲಿ ಅಕ್ಷರ ಇನ್ನೂ ಕೂಡುತ್ತಿರುವಾಗ ಅರ್ಧ ಪದ ಉಳಿಯದಂತೆ, ಘಟನೆಯ ‘ಈಸ್‌ಕಂಪೋಸಿಂಗ್’ ಗುಣ ನೋಡಿ ‘ಕಂಪೋಸಿಶನ್‌ಎಂಡ್’ವರೆಗೆ ಕಾಯುವುದು ಒಳ್ಳೆಯದು. ಸಾಮಾನ್ಯವಾಗಿ ಒಂದು ತಾಣಕ್ಕೆ 5 ಎಂಬಿಯಷ್ಟು ಜಾಗ ಸಿಗುತ್ತದೆ, ಬರಹಕ್ಕೆ ಅದು ಧಾರಾಳ. ಫೋಟೋಗಳನ್ನು ಮಾತ್ರ ಅದರಲ್ಲಿ ತುಂಬಬೇಡಿ. ಜಾಗ ಮುಗಿದಾಗ ಬರುವ ದೋಷದಿಂದ ಫಾರ್ಮೇ ನಿಲ್ಲದಂತೆ ‘ಟ್ರೈ’ ಮತ್ತು ‘ಕ್ಯಾಚ್’ ಒಳಗೆ ಬರೆಯಿರಿ. ಕರಡಿನ ಹೆಸರಿನಲ್ಲಿ ಬಳಕೆದಾರರ ಗುರುತು, ಫಾರ್ಮಿನ ಹೆಸರು, ದಾಖಲೆಯ ಸಂಖ್ಯೆ ಮೂರೂ ಇರಲಿ. ಇಲ್ಲದಿದ್ದರೆ ಒಬ್ಬ ಸದಸ್ಯರ ತೋಟ ಇನ್ನೊಬ್ಬರ ಹೆಸರಿನಲ್ಲಿ ಬಂದು ಕುಳಿತುಕೊಳ್ಳುತ್ತದೆ.

ಸಂಘದ ಕಂಪ್ಯೂಟರನ್ನು ನಾಲ್ಕು ಜನ ಬಳಸುತ್ತಾರೆ. ಲೋಕಲ್‌ಸ್ಟೋರೇಜ್‌ನಲ್ಲಿ ಇಟ್ಟದ್ದನ್ನು ಆ ಬ್ರೌಸರ್ ತೆರೆದ ಯಾರೂ ಓದಬಹುದು. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಪಾಸ್‌ವರ್ಡ್ ಇರುವ ಕಾಲಂಗಳನ್ನು ಕರಡಿನಲ್ಲಿ ಬರೆಯಲೇಬಾರದು, ಆ ಮೂರ್ನಾಲ್ಕು ಕಾಲಂಗಳನ್ನು ಮತ್ತೆ ತುಂಬಬೇಕಾದರೂ ಸರಿ. ಸೇವ್ ಯಶಸ್ವಿಯಾದೊಡನೆ ಮತ್ತು ಲಾಗ್‌ಔಟ್ ಆದಾಗ ಕರಡನ್ನು ಅಳಿಸಿ. ಮತ್ತೆ ಪುಟ ತೆರೆದಾಗ ಕರಡನ್ನು ಮೌನವಾಗಿ ತುಂಬದೆ, ಯಾವ ದಿನ ಎಷ್ಟು ಹೊತ್ತಿಗೆ ಬರೆದ ಕರಡು ಎಂದು ತೋರಿಸಿ, ಬೇಕೇ ಎಂದು ಕೇಳಿ. ಅಷ್ಟರಲ್ಲಿ ಬೇರೊಬ್ಬರು ಅದೇ ದಾಖಲೆಯನ್ನು ತಿದ್ದಿ ಸೇವ್ ಮಾಡಿರಬಹುದು.

ಒಂದೇ ಪುಟದ ಅನ್ವಯಗಳ ವಿಚಾರ

ರಿಯಾಕ್ಟ್, ವ್ಯೂ ಮುಂತಾದ ಜಾವಾಸ್ಕ್ರಿಪ್ಟ್ ಚೌಕಟ್ಟುಗಳಲ್ಲಿ ಬರೆದ ಅನ್ವಯಗಳಲ್ಲಿ ಪುಟಗಳು ನಿಜವಾಗಿ ಬದಲಾಗದೆ ಒಳಗಿನ ದೃಶ್ಯ ಮಾತ್ರ ಬದಲಾಗುತ್ತದೆ, ಹಾಗಾಗಿ ಬಿಫೋರ್‌ಅನ್‌ಲೋಡ್ ಬರುವುದಿಲ್ಲ, ಮತ್ತು ಲಿಂಕಿನ ಕ್ಲಿಕ್ಕನ್ನು ರೂಟರ್ (ವಿಳಾಸಕ್ಕೆ ತಕ್ಕ ದೃಶ್ಯ ತೋರಿಸುವ ಭಾಗ) ಮೊದಲೇ ತಡೆದಿರುವುದರಿಂದ ಮೇಲಿನ ಕಾವಲೂ ಸುಮ್ಮನಿರುತ್ತದೆ. ಅಲ್ಲಿ ರೂಟರ್ ಕೊಡುವ ಸೌಲಭ್ಯವನ್ನೇ ಬಳಸಿ: ರಿಯಾಕ್ಟ್ ರೂಟರಿನಲ್ಲಿ ‘ಯೂಸ್‌ಬ್ಲಾಕರ್’, ವ್ಯೂ ರೂಟರಿನಲ್ಲಿ ‘ಬಿಫೋರ್‌ರೂಟ್‌ಲೀವ್’. ಹಿಂದಕ್ಕೆ ಹೋದಾಗ ಬರುವ ‘ಪಾಪ್‌ಸ್ಟೇಟ್’ ಘಟನೆಯನ್ನು ತಡೆಯಲು ಬರುವುದಿಲ್ಲ ಎಂಬುದರಿಂದ ಸ್ವಂತವಾಗಿ ಬರೆಯಲು ಹೊರಡುವುದು ಶ್ರಮದ ಕೆಲಸ. ಹೋಲಿಕೆ, ಡಯಲಾಗ್, ಕರಡು ಮಾತ್ರ ಯಾವ ಬದಲಾವಣೆಯೂ ಇಲ್ಲದೆ ಅಲ್ಲಿಗೂ ಹೊಂದುತ್ತವೆ.

ಕೊಡುವ ಮೊದಲು ನೋಡಬೇಕಾದದ್ದು

ಫಾರ್ಮ್ ತೆರೆದು ಏನೂ ಮುಟ್ಟದೆ ಮೆನುವಿನ ಲಿಂಕ್ ಒತ್ತಿ; ಪ್ರಶ್ನೆ ಬರಬಾರದು. ಒಂದು ಅಕ್ಷರ ಬರೆದು ಅಳಿಸಿ ಒತ್ತಿ, ಆಗಲೂ ಬರಬಾರದು. ‘ಕೊಳೆ’ ಎಂದಿರುವ ಕಾಲಂ ಅಳಿಸಿ ಬೇರೆ ಕೀಲಿಮಣೆಯಲ್ಲಿ ಅದೇ ಪದ ಬರೆದು ನೋಡಿ. ತೋಟದ ಸಾಲೊಂದನ್ನು ಸೇರಿಸಿ, ಫೋಟೋವೊಂದನ್ನು ಮಾತ್ರ ಆರಿಸಿ, ಪ್ರತಿಯೊಂದಕ್ಕೂ ಪ್ರಶ್ನೆ ಬರುತ್ತದೆಯೇ ಗಮನಿಸಿ. ಕಂಟ್ರೋಲ್ ಹಿಡಿದು ಒತ್ತಿ, ಮೌಸ್ ಬದಿಗಿಟ್ಟು ಟ್ಯಾಬ್ ಮತ್ತು ಎಂಟರ್ ಕೀಲಿಗಳಿಂದಲೇ ಹೊರಡಿ, ಪ್ರಶ್ನೆ ಬಂದಾಗ ಎಸ್ಕೇಪ್ ಒತ್ತಿ. ನೆಟ್‌ವರ್ಕ್ ಕಿತ್ತು ‘ಸೇವ್ ಮಾಡಿ ಹೋಗುತ್ತೇನೆ’ ಒತ್ತಿದಾಗ ಪುಟ ಅಲ್ಲೇ ಉಳಿದು, ಕಾರಣವನ್ನು ಹೇಳಬೇಕು. ಸೇವ್ ಮಾಡದೆ ಹೋಗಿ, ಹಿಂದಕ್ಕೆ ಬಂದು, ಮತ್ತೆ ಬದಲಿಸಿ ಹೊರಟಾಗ ಕಾವಲು ಎಚ್ಚರವಾಗಿದೆಯೇ ನೋಡಿ.

ಇವೆಲ್ಲ ಆದ ಮೇಲೆ, ಕೋಡಿನ ಪರಿಚಯವಿಲ್ಲದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಏನೂ ವಿವರಿಸದೆ ಫಾರ್ಮ್ ತುಂಬಲು ಹೇಳಿ, ನಡುವೆ ಬೇರೆ ಸದಸ್ಯರ ಪುಟಕ್ಕೆ ಹೋಗಲು ಕೇಳಿಕೊಳ್ಳಿ. ಪ್ರಶ್ನೆ ಓದಿದ ಮೇಲೆ ಅವರು ನಿಮ್ಮ ಮುಖ ನೋಡಿದರೆ ಪೆಟ್ಟಿಗೆಯ ಮಾತನ್ನು ಇನ್ನೊಮ್ಮೆ ಬರೆಯಬೇಕು. ನನ್ನ ಪೆಟ್ಟಿಗೆಯ ಮಾತನ್ನು ನಾನು ನಾಲ್ಕು ಸಲ ಬದಲಿಸಿದೆ; ಐದನೆಯದನ್ನು ಓದಿದ ಗುಮಾಸ್ತರು ಏನನ್ನೂ ಕೇಳದೆ ‘ಸೇವ್ ಮಾಡಿ ಹೋಗುತ್ತೇನೆ’ ಒತ್ತಿ ಮುಂದಿನ ಸದಸ್ಯರ ಪಹಣಿಯನ್ನು ಕೈಗೆತ್ತಿಕೊಂಡರು.